ಕನಿಷ್ಠ ಆವೃತ್ತಿ ಏರಿದಾಗ ನಮ್ಮ ಮಕ್ಕಳು ಎಲ್ಲಿ ನಿಲ್ಲಬೇಕು?

(ಸಂಘದ ವಾರ್ಷಿಕ ಶೈಕ್ಷಣಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಉರ್ದು ಮತ್ತು ಕನ್ನಡ ಪಾಠ ಮಾಡುವ ಮೇಷ್ಟ್ರು ಕಂಪ್ಯೂಟರ್ ವಿಷಯ ಹೇಳಲು ಯಾಕೆ ನಿಂತರು ಎಂದು ತಮ್ಮಲ್ಲಿ ಕೆಲವರಿಗೆ ಅನಿಸಿರಬಹುದು. ಕಾರಣ ಇಷ್ಟೇ. ಶಿವಾಜಿನಗರದಲ್ಲಿ ನಾವು ನಡೆಸುವ ಸಂಜೆ ಕಂಪ್ಯೂಟರ್ ತರಗತಿಗೆ ಕಲಿಸುವವರು ಸಿಗದಿದ್ದಾಗ ಹಿರಿಯರು ಆ ಜವಾಬ್ದಾರಿಯನ್ನು ನನ್ನ ಹೆಗಲಿಗೆ ಹಾಕಿದರು. ಬಿ.ಎಡ್. ಮಾಡಿದವನಿಗೆ ಯಾವುದನ್ನಾದರೂ ತಾನು ಕಲಿತು ಕಲಿಸಬಲ್ಲೆನೆಂಬ ಧೈರ್ಯವಿರುತ್ತದೆ. ಹಳೆ ಪುಸ್ತಕದ ಅಂಗಡಿಯಿಂದ ಒಂದು ಪುಸ್ತಕ ತಂದೆ, ರಾತ್ರಿ ಕೂತು ಕಲಿತೆ, ಟಿಪ್ಪಣಿ ಮಾಡಿದೆ, ಮಕ್ಕಳಿಗೆ ಬರೆಸಿದೆ. ಆ ಧೈರ್ಯದಿಂದ ಆದ ಒಂದು ತಪ್ಪನ್ನು ತಮ್ಮ ಮುಂದೆ ಒಪ್ಪಿಕೊಂಡು ನನ್ನ ಮಾತನ್ನು ಆರಂಭಿಸುತ್ತೇನೆ.

ನಮ್ಮ ತರಗತಿಗೆ ಕೆ.ಆರ್. ಪುರದಿಂದ ಒಬ್ಬ ಹುಡುಗ ಬರುತ್ತಿದ್ದ. ಬಿ.ಸಿ.ಎ. ಕೊನೆಯ ವರ್ಷ. ಕಾಲೇಜು ಮುಗಿಸಿ ಬಸ್ಸು ಹಿಡಿದು ಬಂದು ರಾತ್ರಿ ಬಾಗಿಲು ಹಾಕುವವರೆಗೂ ಕೂರುತ್ತಿದ್ದ. ನಮ್ಮ ಮಕ್ಕಳಲ್ಲಿ ಇವನೊಬ್ಬ ಖಂಡಿತ ಮೇಲೆ ಬರುತ್ತಾನೆ ಎಂದು ನಾನು ಎಲ್ಲರಿಗೂ ಹೇಳಿದ್ದೆ. ಒಂದು ಕಂಪನಿಯ ಆಯ್ಕೆ ಪರೀಕ್ಷೆಗೆ ಹೋದ. ಅಲ್ಲಿ ಕೊಟ್ಟದ್ದು ಮೂರು ವಿಷಯಗಳ ಅಂಕ ಕೂಡಿಸಿ ಸರಾಸರಿ ತೋರಿಸುವ ಸಣ್ಣ ಪ್ರೋಗ್ರಾಂ. ನಮ್ಮಲ್ಲಿ ಹತ್ತಾರು ಸಲ ಮಾಡಿದ್ದೇ. ಆದರೆ ಮೊದಲನೇ ಸಾಲಿಗೇ ಯಂತ್ರ ತಪ್ಪು ತೋರಿಸಿತು. ಗಾಬರಿಯಲ್ಲಿ ಉಳಿದದ್ದೂ ಕೈಗೆ ಬರಲಿಲ್ಲ. ಮರುದಿನ ಸಂಜೆ ಬಂದು ತಲೆ ತಗ್ಗಿಸಿ ನಿಂತ. "ಸರ್, ನೀವು ಬರೆಸಿದ ಹಾಗೇ ಬರೆದೆ" ಎಂದ.

ಅವನು ಹೇಳಿದ್ದು ನಿಜ. ನಾನು ಬರೆಸಿದ್ದು ಪೈಥಾನ್ ಭಾಷೆಯ ಎರಡನೇ ಆವೃತ್ತಿ. ಅಲ್ಲಿಯ ಯಂತ್ರದಲ್ಲಿದ್ದದ್ದು ಮೂರನೆಯದು. ಎರಡನೆಯದರಲ್ಲಿ ಪ್ರಿಂಟ್ ಎಂದು ಬರೆದು ಮುಂದೆ ನಮಗೆ ಬೇಕಾದ ಮಾತನ್ನು ಉದ್ಧರಣ ಚಿಹ್ನೆಯೊಳಗೆ ಕೊಟ್ಟರೆ ಸಾಕಾಗಿತ್ತು. ಮೂರನೆಯದರಲ್ಲಿ ಆವರಣ ಚಿಹ್ನೆ ಹಾಕಲೇಬೇಕು, ಇಲ್ಲದಿದ್ದರೆ ಪ್ರೋಗ್ರಾಂ ಓಡುವುದಿಲ್ಲ. ಎರಡು ಆವರಣ ಚಿಹ್ನೆಗಳಿಗಾಗಿ ಒಬ್ಬ ಬಡ ಹುಡುಗನ ಅವಕಾಶ ಹೋಯಿತು. ತಪ್ಪು ಹುಡುಗನದಲ್ಲ, ಅವನ ಮೇಷ್ಟ್ರದು.

ಅಂದಿನಿಂದ ನಾನು ಈ ವಿಷಯವನ್ನು ಮೊದಲಿನಿಂದ ಓದಿದೆ. ಓದಿ ತಿಳಿದದ್ದನ್ನು ಇಂದು ತಮ್ಮ ಮುಂದೆ ಇಡುತ್ತಿದ್ದೇನೆ.

ಚೌಕಟ್ಟು ಎಂದರೇನು?

ವೆಬ್‌ಸೈಟ್ ಕಟ್ಟುವವರು ಎಲ್ಲವನ್ನೂ ಸೊನ್ನೆಯಿಂದ ಬರೆಯುವುದಿಲ್ಲ. ಲಾಗಿನ್ ಮಾಡಿಸುವುದು, ಅರ್ಜಿ ತುಂಬಿಸಿಕೊಳ್ಳುವುದು, ದಾಖಲೆ ಕೂಡಿಡುವುದು ಎಲ್ಲ ವೆಬ್‌ಸೈಟ್‌ಗೂ ಬೇಕು. ಇವನ್ನು ಒಮ್ಮೆ ಚೆನ್ನಾಗಿ ಬರೆದು ಎಲ್ಲರಿಗೂ ಕೊಟ್ಟರೆ ಅದಕ್ಕೆ ಫ್ರೇಮ್‌ವರ್ಕ್, ಅಂದರೆ ಚೌಕಟ್ಟು ಎನ್ನುತ್ತಾರೆ. ಪೈಥಾನ್ ಭಾಷೆಯಲ್ಲಿ ಬರೆದ ಅಂಥ ಒಂದು ಹೆಸರುವಾಸಿ ಚೌಕಟ್ಟು ಜ್ಯಾಂಗೋ. ಅಮೆರಿಕದ ಕ್ಯಾನ್ಸಾಸ್ ರಾಜ್ಯದ ಲಾರೆನ್ಸ್ ಎಂಬ ಊರಿನ ಪತ್ರಿಕಾ ಕಚೇರಿಯಲ್ಲಿ ಏಡ್ರಿಯನ್ ಹೊಲೊವಾಟಿ ಮತ್ತು ಸೈಮನ್ ವಿಲಿಸನ್ ಎಂಬಿಬ್ಬರು 2003ರಲ್ಲಿ ಅದನ್ನು ಆರಂಭಿಸಿದರು. 2005ರಲ್ಲಿ ಅದು ಮುಕ್ತ ತಂತ್ರಾಂಶವಾಗಿ, ಅಂದರೆ ಓಪನ್ ಸೋರ್ಸ್ ಆಗಿ, ಎಲ್ಲರಿಗೂ ದೊರಕಿತು. ದುಡ್ಡಿಲ್ಲ. ಯಾರು ಬೇಕಾದರೂ ಒಳಗೆ ನೋಡಬಹುದು, ತಿದ್ದಬಹುದು, ತಿದ್ದಿದ್ದನ್ನು ಕಳಿಸಬಹುದು. ನಮ್ಮಂಥ ಸಂಘಗಳಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಸಿಗುವುದಿಲ್ಲ.

ಈ ಚೌಕಟ್ಟು ಪೈಥಾನ್ ಮೇಲೆ ನಿಂತಿದೆ. ಪೈಥಾನ್‌ನಲ್ಲಿ ಹಳೆಯದು ಹೊಸದು ಎಂದು ಹಲವು ಆವೃತ್ತಿಗಳಿವೆ. ಹಾಗಾಗಿ ಜ್ಯಾಂಗೋದವರು ಪ್ರತಿ ಸಲವೂ ಒಂದು ಗೆರೆ ಎಳೆಯಬೇಕಾಗುತ್ತದೆ. ಇಂತಿಂಥ ಆವೃತ್ತಿಯಿಂದ ಮೇಲಿನ ಪೈಥಾನ್ ಇದ್ದರೆ ಮಾತ್ರ ನಮ್ಮ ಹೊಸ ಚೌಕಟ್ಟು ನಡೆಯುತ್ತದೆ ಎಂದು ಸಾರುತ್ತಾರೆ. ಇದಕ್ಕೆ ಕನಿಷ್ಠ ಆವೃತ್ತಿ ಎನ್ನೋಣ. ಆ ಗೆರೆ ಕಾಲಕಾಲಕ್ಕೆ ಮೇಲೇರುತ್ತದೆ. ಗೆರೆಯ ಕೆಳಗೆ ಉಳಿದವರು ಹೊಸದನ್ನು ಹಾಕಿಕೊಳ್ಳಲು ಆಗುವುದಿಲ್ಲ.

ಈ ಏರಿಕೆ ನಮ್ಮ ಬಿ.ಎಡ್. ಕೋರ್ಸಿನ ಹಾಗೆ. ನಾನು ಓದುವಾಗ ಅದು ಒಂದು ವರ್ಷದ್ದು. 2015ರಿಂದ ದೇಶದಾದ್ಯಂತ ಎರಡು ವರ್ಷವಾಯಿತು. ಹೊಸದಾಗಿ ಸೇರುವವರಿಗೆ ಕನಿಷ್ಠ ಏರಿತು. ಹಳಬರ ಪದವಿಯನ್ನು ಯಾರೂ ಕಿತ್ತುಕೊಳ್ಳಲಿಲ್ಲ. ತಂತ್ರಾಂಶದಲ್ಲೂ ಹಾಗೆಯೇ. ಹಳೆಯ ಜ್ಯಾಂಗೋ ಹಾಕಿಕೊಂಡವನ ಯಂತ್ರ ಮರುದಿನ ನಿಂತುಹೋಗುವುದಿಲ್ಲ. ಆದರೆ ಅದಕ್ಕೆ ಮುಂದೆ ದುರಸ್ತಿ ಬರುವುದಿಲ್ಲ.

ಎರಡರಿಂದ ಮೂರಕ್ಕೆ

ಇಂಥ ಏರಿಕೆಗಳಲ್ಲಿ ದೊಡ್ಡದು ಪೈಥಾನ್ 2ರಿಂದ 3ಕ್ಕೆ ಆದದ್ದು. ಪೈಥಾನ್ 2 ಬಂದದ್ದು 2000ದಲ್ಲಿ. ಪೈಥಾನ್ 3 ಬಂದದ್ದು 2008ರ ಡಿಸೆಂಬರ್‌ನಲ್ಲಿ. ಮರುವರ್ಷ, 2009ರಲ್ಲಿ, ಭಾರತದ ಪೈಥಾನ್ ಬಳಕೆದಾರರ ಮೊದಲ ರಾಷ್ಟ್ರೀಯ ಸಮ್ಮೇಳನ ನಮ್ಮ ಬೆಂಗಳೂರಿನಲ್ಲಿಯೇ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನಡೆಯಿತು. ಅಂದರೆ ಈ ಬದಲಾವಣೆಯ ಸುದ್ದಿ ನಮ್ಮ ಊರಿಗೆ ತಡವಾಗಿ ಬಂದದ್ದಲ್ಲ. ಊರಿನ ಒಂದು ಮೂಲೆಯಲ್ಲಿ ಅದರ ಚರ್ಚೆಯಾಗುತ್ತಿದ್ದರೆ ಇನ್ನೊಂದು ಮೂಲೆಯ ನಮ್ಮ ಗಲ್ಲಿಗಳಿಗೆ ಅದು ತಲುಪಲಿಲ್ಲ, ಅಷ್ಟೇ.

ಹಳೆಯದನ್ನು ಬಿಡಲು ಜನ ಸುಲಭವಾಗಿ ಒಪ್ಪಲಿಲ್ಲ. ಮೊದಲು ಪೈಥಾನ್ 2.7ಕ್ಕೆ 2015ರವರೆಗೆ ಗಡುವು ಹಾಕಿದ್ದರು. ಬಳಸುವವರು ಇನ್ನೂ ಬಹಳವಿದ್ದಾರೆಂದು 2014ರಲ್ಲಿ ಅದನ್ನು 2020ರವರೆಗೆ ಮುಂದೂಡಿದರು. 2020ರ ಜನವರಿ 1ಕ್ಕೆ ಬೆಂಬಲ ನಿಂತಿತು. ಏಪ್ರಿಲ್‌ನಲ್ಲಿ ಕೊನೆಯ ಆವೃತ್ತಿ 2.7.18 ಹೊರಬಂದು ಆ ಅಧ್ಯಾಯ ಮುಗಿಯಿತು.

ಜ್ಯಾಂಗೋ ತನ್ನ ಗೆರೆಯನ್ನು ಅದಕ್ಕೂ ಮೊದಲೇ ಎಳೆಯಿತು. 1.11ನೇ ಆವೃತ್ತಿಯೇ ಪೈಥಾನ್ 2ಕ್ಕೆ ಕೊನೆಯದೆಂದು 2015ರಲ್ಲೇ ಪ್ರಕಟಿಸಿದರು. ಆ 1.11 ಹೊರಬಂದದ್ದು 2017ರ ಏಪ್ರಿಲ್‌ನಲ್ಲಿ. ಅದಕ್ಕೆ 2020ರ ಏಪ್ರಿಲ್‌ವರೆಗೆ ದುರಸ್ತಿ ಕೊಟ್ಟರು. 2017ರ ಡಿಸೆಂಬರ್‌ನಲ್ಲಿ ಬಂದ ಜ್ಯಾಂಗೋ 2.0ಕ್ಕೆ ಕನಿಷ್ಠ ಪೈಥಾನ್ 3.4 ಬೇಕಾಯಿತು. ಮುಂಚೆಯೇ ಹೇಳಿ, ಕಾಲಾವಕಾಶ ಕೊಟ್ಟು, ಆಮೇಲೆ ಬಾಗಿಲು ಮುಚ್ಚಿದರು.

ನಮ್ಮ ಎರಡು ಭಾಷೆಗಳಿಗೆ ಇದರಿಂದೇನು?

ಪ್ರಿಯ ವಿದ್ಯಾರ್ಥಿಗಳೇ, ಭಾಷಾ ಶಿಕ್ಷಕನಾಗಿ ನನ್ನನ್ನು ಹಿಡಿದು ನಿಲ್ಲಿಸಿದ ವಿಷಯ ಇದು. ಇಷ್ಟೊಂದು ಜನರಿಗೆ ತೊಂದರೆಯಾಗುತ್ತದೆಂದು ಗೊತ್ತಿದ್ದೂ ಯಾಕೆ ಪೈಥಾನ್ 3 ಮಾಡಿದರು? ಮುಖ್ಯ ಕಾರಣಗಳಲ್ಲಿ ಒಂದು, ಇಂಗ್ಲಿಷ್ ಅಲ್ಲದ ಭಾಷೆಗಳ ಅಕ್ಷರಗಳು.

ಪೈಥಾನ್ 2ರಲ್ಲಿ ಸಾಮಾನ್ಯ ಪಠ್ಯವೆಂದರೆ ಬರೀ ಬೈಟುಗಳ ಸಾಲು. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟು ಸಾಕು. ನಮ್ಮ ಅಕ್ಷರಗಳಿಗೆ ಸಾಲದು. ಇಂದು ಎಲ್ಲೆಡೆ ಬಳಕೆಯಲ್ಲಿರುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೆ ಮೂರು ಬೈಟು, ಉರ್ದುವಿನ ಅಕ್ಷರಕ್ಕೆ ಎರಡು ಬೈಟು ಹಿಡಿಯುತ್ತದೆ. ಲಿನಕ್ಸ್ ಯಂತ್ರದಲ್ಲಿ ಪೈಥಾನ್ 2 ತೆರೆದು 'ಕನ್ನಡ' ಎಂದು ಬರೆದು ಅದರ ಉದ್ದ ಎಷ್ಟೆಂದು ಕೇಳಿ. ಹದಿನೈದು ಎನ್ನುತ್ತದೆ. 'ಉರ್ದು' ಪದವನ್ನು ಅದರದೇ ಲಿಪಿಯಲ್ಲಿ ಬರೆದು ಕೇಳಿ. ಅಲಿಫ್, ರೇ, ದಾಲ್, ವಾವ್ ಎಂದು ನಾಲ್ಕೇ ಅಕ್ಷರವಿದ್ದರೂ ಎಂಟು ಎನ್ನುತ್ತದೆ. ಹೆಸರಿನ ಮೊದಲ ಹತ್ತು ಅಕ್ಷರ ಮಾತ್ರ ತೋರಿಸು ಎಂದರೆ ಅಕ್ಷರದ ಮಧ್ಯಕ್ಕೇ ಕತ್ತರಿ ಹಾಕಿ ಕೊನೆಯಲ್ಲಿ ಅರ್ಥವಿಲ್ಲದ ಗುರುತು ಉಳಿಸುತ್ತದೆ.

ಪೈಥಾನ್ 2ರಲ್ಲಿ ಯೂನಿಕೋಡ್ ಇರಲಿಲ್ಲವೆಂದು ನಾನು ಹೇಳುತ್ತಿಲ್ಲ. ಇತ್ತು. ಆದರೆ ಅದನ್ನು ಬೇರೆಯಾಗಿ ಕೇಳಿ ಪಡೆಯಬೇಕಿತ್ತು, ಪ್ರತಿ ಮಾತಿನ ಹಿಂದೆ ಯು ಎಂಬ ಅಕ್ಷರ ಹಾಕಬೇಕಿತ್ತು. ಇಂಗ್ಲಿಷಿನಲ್ಲಷ್ಟೇ ಪರೀಕ್ಷಿಸಿ ಬರೆದವನು ಅದನ್ನು ಮರೆತರೆ ಅವನಿಗೆ ಏನೂ ಆಗುತ್ತಿರಲಿಲ್ಲ. ಕನ್ನಡದಲ್ಲೋ ಉರ್ದುವಿನಲ್ಲೋ ಹೆಸರು ತುಂಬಿದ ದಿನ ಪ್ರೋಗ್ರಾಂ ಮುರಿದು ಬೀಳುತ್ತಿತ್ತು. ಪೈಥಾನ್ 3ರಲ್ಲಿ ಎಲ್ಲ ಪಠ್ಯವೂ ಹುಟ್ಟಿನಿಂದಲೇ ಯೂನಿಕೋಡ್. 'ಕನ್ನಡ'ದ ಉದ್ದ ಕೇಳಿದರೆ ಐದು ಎನ್ನುತ್ತದೆ. ಕ, ನ, ಒತ್ತಕ್ಷರ ಮಾಡುವ ಹಲಂತ ಚಿಹ್ನೆ, ಮತ್ತೊಂದು ನ, ಕೊನೆಗೆ ಡ. ನಾವು ಶಾಲೆಯಲ್ಲಿ ಮೂರು ಅಕ್ಷರ ಎಂದು ಎಣಿಸುತ್ತೇವೆ, ಹಾಗಾಗಿ ಇದೂ ಪೂರ್ತಿ ನಮ್ಮ ಲೆಕ್ಕವಲ್ಲ. ಆದರೂ ಯೂನಿಕೋಡ್ ಪಟ್ಟಿಯ ಪ್ರಕಾರ ಐದು ಸರಿ. ಉರ್ದುವಿಗೆ ನಾಲ್ಕು ಎನ್ನುತ್ತದೆ, ಅದೂ ಸರಿ.

ಹಿರಿಯ ಸದಸ್ಯರಿಗೆ ಈ ಕಷ್ಟ ಬೇರೆ ರೂಪದಲ್ಲಿ ಗೊತ್ತೇ ಇದೆ. ನುಡಿಯ ಹಳೆಯ ಅಕ್ಷರ ವಿನ್ಯಾಸದಲ್ಲಿ ಟೈಪ್ ಮಾಡಿದ ಪತ್ರವನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತಿತ್ತು. ಹಳೆಯ ಇನ್‌ಪೇಜ್‌ನಲ್ಲಿ ಮಾಡಿದ ಉರ್ದು ಪುಟವನ್ನು ಇನ್‌ಪೇಜ್ ಇಲ್ಲದವರು ಓದುವಂತಿರಲಿಲ್ಲ. ಕರ್ನಾಟಕ ಸರ್ಕಾರ 2012ರಲ್ಲಿ ಯೂನಿಕೋಡ್ ಬಳಸಬೇಕೆಂದು ಆದೇಶ ಮಾಡಿದಾಗ ಟೈಪ್ ಮಾಡುವವರು ಗೊಣಗಿದರು. ಇಂದು ಅದೇ ಯೂನಿಕೋಡ್‌ನಿಂದಾಗಿ ನಮ್ಮ ಮೊಬೈಲುಗಳಲ್ಲಿ ಎರಡೂ ಭಾಷೆಗಳು ಒಂದೇ ಸಂದೇಶದಲ್ಲಿ ಅಕ್ಕಪಕ್ಕ ಕೂರುತ್ತಿವೆ.

ಎರಡೂ ಇರಲಿ ಎಂದರೆ ಏನು ಕಷ್ಟ?

ಹಳೆಯದೂ ನಡೆಯಲಿ, ಹೊಸದೂ ನಡೆಯಲಿ, ಯಾರಿಗೂ ನೋವಾಗುವುದು ಬೇಡ ಎಂದು ಒಳ್ಳೆಯ ಮನಸ್ಸಿನವರು ಹೇಳುತ್ತಾರೆ. ನನಗೂ ಮೊದಲು ಹಾಗೇ ಅನಿಸಿತ್ತು.

ನಮ್ಮ ಕಂಟೋನ್ಮೆಂಟ್ ರೈಲ್ವೆ ಸ್ಟೇಷನ್ ನೆನಪಿಸಿಕೊಳ್ಳಿ. ಜೋಲಾರಪೇಟೆ ಕಡೆಯಿಂದ 1864ರಲ್ಲಿ ಅಲ್ಲಿಗೆ ಬಂದದ್ದು ಬ್ರಾಡ್‌ಗೇಜ್ ಹಳಿ. ಮೈಸೂರಿನ ಕಡೆಗೆ ಆಮೇಲೆ ಹಾಕಿದ್ದು ಮೀಟರ್‌ಗೇಜ್. ಎರಡೂ ಹಳಿಗಳು ಸೇರುವ ಊರಾದ್ದರಿಂದ ಒಂದು ಗಾಡಿಯ ಸರಕನ್ನು ಇಳಿಸಿ ಇನ್ನೊಂದು ಗಾಡಿಗೆ ಏರಿಸಬೇಕಿತ್ತು. 1990ರ ದಶಕದಲ್ಲಿ ಮೈಸೂರು ಮಾರ್ಗ ಬ್ರಾಡ್‌ಗೇಜ್ ಆಗುವವರೆಗೂ ಈ ಎರಡು ಅಳತೆಯ ಕಷ್ಟ ಉಳಿದಿತ್ತು.

ಜ್ಯಾಂಗೋದಲ್ಲೂ ಸರಕು ಇಳಿಸಿ ಏರಿಸುವ ಕೆಲಸಕ್ಕೆಂದೇ 'ಸಿಕ್ಸ್' ಎಂಬ ಭಾಗವಿತ್ತು. ಎರಡು ಮೂರಲ ಆರು, ಅದಕ್ಕೇ ಆ ಹೆಸರು. ಒಂದೇ ಕೆಲಸವನ್ನು ಪೈಥಾನ್ 2ಕ್ಕೆ ಒಂದು ಬಗೆಯಲ್ಲಿ, 3ಕ್ಕೆ ಇನ್ನೊಂದು ಬಗೆಯಲ್ಲಿ ಮಾಡಿಸಲು ಅದು ಬೇಕಾಗಿತ್ತು. ಬರೆಯುವವರು ಎರಡು ಸಲ ಯೋಚಿಸಬೇಕು, ಪ್ರತಿ ತಿದ್ದುಪಡಿಯನ್ನೂ ಎಲ್ಲ ಆವೃತ್ತಿಗಳಲ್ಲಿ ಪರೀಕ್ಷಿಸಬೇಕು. ಬರೆಯುವವರಲ್ಲಿ ಬಹುಪಾಲು ಸ್ವಯಂಸೇವಕರು, ತಮ್ಮ ಕೆಲಸ ಮುಗಿಸಿ ರಾತ್ರಿ ಬಿಡುವಿನಲ್ಲಿ ದುಡಿಯುವವರು. 2019ರ ಡಿಸೆಂಬರ್‌ನಲ್ಲಿ ಬಂದ ಜ್ಯಾಂಗೋ 3.0ರಲ್ಲಿ ಆ 'ಸಿಕ್ಸ್' ಅನ್ನು ತೆಗೆದುಹಾಕಿದರು. ಸಂಜೆ ತರಗತಿ ನಡೆಸುವ ನನಗೆ ಆ ಸ್ವಯಂಸೇವಕರ ದಣಿವು ಅರ್ಥವಾಗುತ್ತದೆ.

ಭದ್ರತೆಯ ಪ್ರಶ್ನೆಯೂ ಇದೆ. ಬೆಂಬಲ ನಿಂತ ಭಾಷೆಯಲ್ಲಿ ಕಳ್ಳರು ನುಗ್ಗುವ ದಾರಿ ಕಂಡರೆ ಅದನ್ನು ಮುಚ್ಚುವವರಿಲ್ಲ. ಮಕ್ಕಳ ಹೆಸರು, ಫೋನ್ ನಂಬರು, ಅಂಕಪಟ್ಟಿ ಇಟ್ಟುಕೊಳ್ಳುವ ವೆಬ್‌ಸೈಟನ್ನು ಅಂಥ ತಳಹದಿಯ ಮೇಲೆ ನಿಲ್ಲಿಸುವುದು ತರವಲ್ಲ.

ಇನ್ನೊಂದು, ಸದ್ದಿಲ್ಲದ ತಪ್ಪು. ಪ್ರಿಂಟ್ ತಪ್ಪಾದರೆ ಯಂತ್ರ ಕೂಗಿ ಹೇಳುತ್ತದೆ. ಭಾಗಾಕಾರ ಹಾಗಲ್ಲ. ಒಬ್ಬ ವಿದ್ಯಾರ್ಥಿಗೆ 35, 36, 36 ಅಂಕ ಬಂದಿದೆ ಎನ್ನಿ. ಮೊತ್ತ 107. ಮೂರರಿಂದ ಭಾಗಿಸಿದರೆ ಪೈಥಾನ್ 2 ಸುಮ್ಮನೆ 35 ಎನ್ನುತ್ತದೆ, ಉಳಿದದ್ದನ್ನು ಎಸೆದುಬಿಡುತ್ತದೆ. ಪೈಥಾನ್ 3 ಹೆಚ್ಚುಕಡಿಮೆ 35.67 ಎನ್ನುತ್ತದೆ. ನಾನು ವರ್ಷಗಟ್ಟಲೆ ಆ ಪ್ರೋಗ್ರಾಂ ಬರೆಸಿದರೂ ಉತ್ತರವನ್ನು ಕಾಗದದ ಮೇಲೆ ಲೆಕ್ಕ ಮಾಡಿ ಹೋಲಿಸಿರಲಿಲ್ಲ.

ಗೆರೆ ಯಾವಾಗ ಏರುತ್ತದೆಂದು ಮೊದಲೇ ತಿಳಿಯಬಹುದೇ?

ತಿಳಿಯಬಹುದು. ಇದು ನನಗೆ ಬಹಳ ಹಿಡಿಸಿದ ಸಂಗತಿ. ಈಗ ಪೈಥಾನ್‌ನ ಹೊಸ ಆವೃತ್ತಿ ಪ್ರತಿ ಅಕ್ಟೋಬರ್‌ನಲ್ಲಿ ಬರುತ್ತದೆ, ಒಂದೊಂದಕ್ಕೂ ಸುಮಾರು ಐದು ವರ್ಷ ಬೆಂಬಲ ಇರುತ್ತದೆ. ಜ್ಯಾಂಗೋದ ಹೊಸ ಆವೃತ್ತಿ ಸುಮಾರು ಎಂಟು ತಿಂಗಳಿಗೊಮ್ಮೆ ಬರುತ್ತದೆ, ಎರಡು ವರ್ಷಕ್ಕೊಂದು ದೀರ್ಘಾವಧಿ ಆವೃತ್ತಿ ಇರುತ್ತದೆ. ದೀರ್ಘಾವಧಿಯದಕ್ಕೆ ಮೂರು ವರ್ಷ ಭದ್ರತಾ ದುರಸ್ತಿ ಸಿಗುತ್ತದೆ.

ಅವರ ಸಾಮಾನ್ಯ ನಿಯಮ ಹೀಗಿದೆ. ಒಂದು ಪೈಥಾನ್ ಆವೃತ್ತಿಯ ಬೆಂಬಲ ಮುಗಿಯುವ ದಿನ ನೋಡಬೇಕು. ಆ ದಿನದ ನಂತರವೂ ಬಾಳುವ ಮೊದಲ ದೀರ್ಘಾವಧಿ ಜ್ಯಾಂಗೋ ಯಾವುದೋ ಅಲ್ಲಿಯವರೆಗೆ ಆ ಪೈಥಾನ್‌ಗೆ ಜಾಗ ಇರುತ್ತದೆ. ಅದರ ಮುಂದಿನದರಲ್ಲಿ ಇಲ್ಲ. ಉದಾಹರಣೆಗೆ ಪೈಥಾನ್ 3.10ರ ಬೆಂಬಲ 2026ರ ಅಕ್ಟೋಬರ್‌ವರೆಗೆ. ಜ್ಯಾಂಗೋ 4.2ರದು 2026ರ ಏಪ್ರಿಲ್‌ವರೆಗೆ ಮಾತ್ರ, ಹಾಗಾಗಿ ಅದು ಲೆಕ್ಕಕ್ಕೆ ಬರುವುದಿಲ್ಲ. ಜ್ಯಾಂಗೋ 5.2ರದು 2028ರ ಏಪ್ರಿಲ್‌ವರೆಗೆ. ಆದ್ದರಿಂದ 3.10ಕ್ಕೆ 5.2 ಕೊನೆಯದು. ಪೈಥಾನ್ 3.11ರ ಬೆಂಬಲ 2027ರ ಅಕ್ಟೋಬರ್‌ವರೆಗೆ ಇರುವುದರಿಂದ ಅದಕ್ಕೂ 5.2 ಕೊನೆಯದು. ಹೀಗಾಗಿ 2025ರ ಡಿಸೆಂಬರ್‌ನಲ್ಲಿ ಬಂದ ಜ್ಯಾಂಗೋ 6.0ಕ್ಕೆ ಕನಿಷ್ಠ ಪೈಥಾನ್ 3.12 ಆಯಿತು. ಈ ಲೆಕ್ಕವನ್ನು ಎಸ್.ಎಸ್.ಎಲ್.ಸಿ. ಹುಡುಗಿಯೊಬ್ಬಳು ಕಾಗದದ ಮೇಲೆ ಮಾಡಿ ಎರಡು ವರ್ಷ ಮುಂಚೆಯೇ ಹೇಳಬಲ್ಲಳು. ನಿಯಮ ಎಲ್ಲರ ಕಣ್ಣಿಗೂ ಬೀಳುವಂತೆ ಬರೆದಿಟ್ಟಿದ್ದಾರೆ. ಓದದವರು ಮಾತ್ರ ದಿಢೀರನೆ ಏರಿತು ಎನ್ನುತ್ತಾರೆ. ನಾನು ಹಾಗೆ ಓದದವನಾಗಿದ್ದೆ.

ಬಡವನ ಕಂಪ್ಯೂಟರಿನ ಪ್ರಶ್ನೆ

ಆದರೆ ಇನ್ನೊಂದು ಪಕ್ಕವನ್ನು ಹೇಳದಿದ್ದರೆ ಮಾತು ಪೂರ್ಣವಾಗುವುದಿಲ್ಲ.

ಆ ಹುಡುಗನ ಘಟನೆಯಾದ ಮೇಲೆ ನಮ್ಮ ತರಗತಿಯ ಯಂತ್ರಗಳಲ್ಲಿ ಹೊಸ ಜ್ಯಾಂಗೋ ಹಾಕಲು ಹೋದೆ. ಆಗಲಿಲ್ಲ. ಹೊಸ ಪೈಥಾನ್ ಬೇಕೆಂದಿತು. ಹೊಸ ಪೈಥಾನ್ ಹಾಕಲು ಹೋದೆ. ಅದೂ ಆಗಲಿಲ್ಲ. ನಮ್ಮಲ್ಲಿದ್ದವು ದಾನವಾಗಿ ಬಂದ ಹನ್ನೆರಡು ಯಂತ್ರಗಳು, ಎಲ್ಲದರಲ್ಲೂ ವಿಂಡೋಸ್ 7. ಅದರಲ್ಲಿ ನಡೆಯುವ ಕೊನೆಯ ಪೈಥಾನ್ 3.8. ಮುಂದಿನ 3.9ಕ್ಕೆ ವಿಂಡೋಸ್ 8.1 ಆದರೂ ಇರಬೇಕು. 3.8ರ ಬೆಂಬಲ 2024ರಲ್ಲಿ ಮುಗಿದುಹೋಗಿದೆ. ವಿಂಡೋಸ್ 7ರ ಸಾಮಾನ್ಯ ಬೆಂಬಲ 2020ರ ಜನವರಿಯಲ್ಲೇ ನಿಂತಿತ್ತು. ಒಂದು ಗೆರೆ ಏರಿದರೆ ಅದರ ಕೆಳಗಿನ ಇನ್ನೊಂದು, ಅದರ ಕೆಳಗಿನ ಮತ್ತೊಂದು ಏರುತ್ತದೆ. ಕೊನೆಗೆ ಆ ಭಾರ ಬಂದು ಬೀಳುವುದು ಹೊಸ ಯಂತ್ರ ಕೊಳ್ಳಲಾಗದವನ ಮೇಲೆ.

ಆ ಯಂತ್ರಗಳನ್ನು ಕೊಡಿಸಿದ್ದ ಹಿರಿಯರಲ್ಲಿ ಹೋಗಿ ಹೇಳಿದೆ. ಅವರು ಬೇಸರಪಟ್ಟುಕೊಂಡು, "ಮಾಸ್ಟರ್ ಸಾಹೇಬ್ರೇ, ಚೆನ್ನಾಗಿ ನಡೀತಿರೋ ಮೆಷಿನ್‌ಗೆ ಏನಾಗಿದೆ? ಆ ಕಡೆಯವರು ನಿಯಮ ಬದಲಾಯಿಸಿದ್ದಕ್ಕೆ ನಾವು ದುಡ್ಡು ಸುರೀಬೇಕಾ?" ಎಂದು ಕೇಳಿದರು. ಅವರ ಪ್ರಶ್ನೆ ನ್ಯಾಯವಾದದ್ದು. ಗೆರೆ ಏರಿಸುವವರು ಎಷ್ಟೇ ಮುಂಚೆ ಹೇಳಿದರೂ, ಸುದ್ದಿ ತಲುಪದ ಮನೆಗೆ ಅದು ಮುಂಚೆ ಹೇಳಿದಂತಾಗುವುದಿಲ್ಲ. ಇಂಗ್ಲಿಷಿನಲ್ಲಿ ಹೇಳಿದ್ದು ಕನ್ನಡ, ಉರ್ದು ಶಾಲೆಗಳಿಂದ ಬಂದ ಮಕ್ಕಳಿಗೆ ಅರ್ಧವೇ ತಲುಪುತ್ತದೆ.

ಆದರೂ ಅವರಿಗೆ ನಾನು ಕೊಟ್ಟ ಉತ್ತರ ಒಂದೇ. "ಹಜ್ರತ್, ಹಳೆಯದರಲ್ಲೇ ಕೂತರೆ ಮೆಷಿನ್‌ಗೆ ಏನೂ ಆಗಲ್ಲ, ಮಕ್ಕಳಿಗೆ ಆಗುತ್ತೆ." ಇದರ ನಿದರ್ಶನ ನಮ್ಮ ಊರಿನಲ್ಲೇ ಇದೆ. ಟರ್ಬೊ ಸಿ ಪ್ಲಸ್ ಪ್ಲಸ್ ಎಂಬ ತಂತ್ರಾಂಶ 1990ರ ದಶಕದ ಆರಂಭದ್ದು. ಸಿ ಪ್ಲಸ್ ಪ್ಲಸ್ ಭಾಷೆಗೆ ಅಂತರರಾಷ್ಟ್ರೀಯ ಮಾನಕ ಬಂದದ್ದು 1998ರಲ್ಲಿ. ಅಂದರೆ ಆ ಮಾನಕಕ್ಕಿಂತಲೂ ಹಳೆಯ ತಂತ್ರಾಂಶ. ನಮ್ಮ ಎಷ್ಟೋ ಕಾಲೇಜುಗಳ ಪ್ರಯೋಗಾಲಯಗಳಲ್ಲಿ ಎರಡು ದಶಕ ಕಳೆದರೂ ಅದರ ನೀಲಿ ಪರದೆಯ ಮುಂದೆಯೇ ಮಕ್ಕಳು ಕೂತರು. ಪರೀಕ್ಷೆಯಲ್ಲಿ ಅಂಕ ಬಂತು. ವೈಟ್‌ಫೀಲ್ಡ್ ಕಡೆ ಕೆಲಸಕ್ಕೆ ಹೋದವರು ಕಲಿತದ್ದನ್ನು ಮರೆತು ಮತ್ತೆ ಕಲಿಯಬೇಕಾಯಿತು. ಇಂಗ್ಲಿಷ್ ಮನೆಭಾಷೆಯಾಗಿರುವ ಮಕ್ಕಳು, ಅಣ್ಣ ಅಕ್ಕ ಎಂಜಿನಿಯರ್ ಆಗಿರುವ ಮಕ್ಕಳು ಮನೆಯಲ್ಲೇ ಹೊಸದನ್ನು ಕಲಿತುಬಿಡುತ್ತಾರೆ. ಕಾಲೇಜು ಕಲಿಸಿದ್ದನ್ನೇ ನಂಬಿದ ಮೊದಲ ತಲೆಮಾರಿನ ಮಕ್ಕಳು ಹಿಂದೆ ಉಳಿಯುತ್ತಾರೆ.

ನಾವು ಮಾಡಿದ್ದು, ಮಾಡಬೇಕಾದದ್ದು

ಹಿರಿಯರು ಕೊನೆಗೆ ಒಪ್ಪಿದರು. ಹೊಸ ಯಂತ್ರ ಕೊಳ್ಳಲಿಲ್ಲ. ಹನ್ನೆರಡರಲ್ಲಿ ಒಂಬತ್ತು 64 ಬಿಟ್ ಯಂತ್ರಗಳಾಗಿದ್ದವು. ಅವುಗಳ ರ್‍ಯಾಮ್ ಅನ್ನು ನಾಲ್ಕು ಜಿಬಿ ಮಾಡಿಸಿ ಲುಬುಂಟು 24.04 ಹಾಕಿದೆವು. ಇದು ಲಿನಕ್ಸ್‌ನ ಹಗುರವಾದ ಬಗೆ, ಉಚಿತವಾಗಿ ಸಿಗುತ್ತದೆ. ಅದರ ಜೊತೆಗೆ ಪೈಥಾನ್ 3.12 ತಾನಾಗಿಯೇ ಬರುತ್ತದೆ, ಅಂದರೆ ಜ್ಯಾಂಗೋ 6.0ಕ್ಕೆ ಬೇಕಾದಷ್ಟು. ಉಳಿದ ಮೂರು 32 ಬಿಟ್ ಯಂತ್ರಗಳನ್ನು ಟೈಪಿಂಗ್ ಅಭ್ಯಾಸಕ್ಕೆ ಇಟ್ಟಿದ್ದೇವೆ. ಲಿನಕ್ಸ್ ಮಕ್ಕಳಿಗೆ ಕಷ್ಟವಾಗುತ್ತದೆಂದು ಕೆಲವರು ಹೆದರಿಸಿದ್ದರು. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳನ್ನು ನೋಡಿ. ಕೇರಳದ ಶಾಲೆಗಳಿಗಾಗಿ ಸಿದ್ಧಪಡಿಸಿದ ಲಿನಕ್ಸ್‌ನಲ್ಲೇ, ಕನ್ನಡದಲ್ಲೇ ಅಚ್ಚಾದ ಪಠ್ಯಪುಸ್ತಕ ಹಿಡಿದು ಆ ಮಕ್ಕಳು ಕಂಪ್ಯೂಟರ್ ಕಲಿಯುತ್ತಿದ್ದಾರೆ. ಹಲಸೂರಿನ ಮಕ್ಕಳಿಗೆ ಆಗದೇ ಇರುತ್ತದೆಯೇ? ನಮ್ಮವರು ಎರಡೇ ವಾರದಲ್ಲಿ ಹೊಂದಿಕೊಂಡರು.

ವಿದ್ಯಾರ್ಥಿಗಳಿಗೆ ನಾಲ್ಕು ಮಾತು ಹೇಳಬಯಸುತ್ತೇನೆ. ಮೊದಲನೆಯದು, ಯಾವ ಪುಸ್ತಕ ತೆರೆದರೂ ಅದು ಯಾವ ವರ್ಷದ್ದು, ಯಾವ ಆವೃತ್ತಿಯದ್ದು ಎಂದು ಮೊದಲ ಪುಟದಲ್ಲೇ ನೋಡಿ. ಮೇಷ್ಟ್ರನ್ನೂ ಕೇಳಿ, ನಾವು ಬೇಸರಪಡುವುದಿಲ್ಲ. ಎರಡನೆಯದು, ಪ್ರತಿ ಆವೃತ್ತಿಯ ಜೊತೆ ಬರುವ ಬಿಡುಗಡೆ ಟಿಪ್ಪಣಿಯನ್ನು ಓದುವ ಅಭ್ಯಾಸ ಮಾಡಿಕೊಳ್ಳಿ. ಮೂರನೆಯದು, ಒಂದೊಂದು ಕೆಲಸಕ್ಕೂ ಪ್ರತ್ಯೇಕ ವರ್ಚುವಲ್ ಪರಿಸರ ಮಾಡಿಕೊಂಡರೆ ಒಂದೇ ಯಂತ್ರದಲ್ಲಿ ಹಳೆಯ ಜ್ಯಾಂಗೋವನ್ನೂ ಹೊಸ ಜ್ಯಾಂಗೋವನ್ನೂ ಬೇರೆ ಬೇರೆಯಾಗಿ ಇಟ್ಟು ಅಭ್ಯಾಸ ಮಾಡಬಹುದು. ನಾಲ್ಕನೆಯದು, ಪ್ರೋಗ್ರಾಂ ಓಡುವಾಗ ಬರುವ ಎಚ್ಚರಿಕೆಗಳನ್ನು ಅಲಕ್ಷಿಸಬೇಡಿ. ಜ್ಯಾಂಗೋದಲ್ಲಿ ಯಾವುದನ್ನಾದರೂ ತೆಗೆಯುವ ಮುನ್ನ ಸಾಮಾನ್ಯವಾಗಿ ಎರಡು ಆವೃತ್ತಿಗಳ ಕಾಲ ಎಚ್ಚರಿಕೆ ಕೊಡುತ್ತಾರೆ.

ಸದಸ್ಯ ಬಂಧುಗಳಲ್ಲಿ ನನ್ನ ವಿನಂತಿ ಎರಡು. ಕಂಪ್ಯೂಟರ್ ದಾನ ಮಾಡುವವರು ಯಂತ್ರದ ಜೊತೆಗೆ ವರ್ಷಕ್ಕೊಮ್ಮೆ ಅದನ್ನು ಪರಿಶೀಲಿಸಿ ಹೊಸದು ಮಾಡುವ ಖರ್ಚನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಬೇಕು. ಹಾಗೆಯೇ ನಮ್ಮ ಮಕ್ಕಳಲ್ಲಿ ಇಂದಿರಾನಗರದಿಂದ ವೈಟ್‌ಫೀಲ್ಡ್‌ವರೆಗೆ ಕಂಪನಿಗಳಲ್ಲಿ ಕೆಲಸದಲ್ಲಿರುವವರು ವರ್ಷಕ್ಕೆ ಎರಡು ಭಾನುವಾರ ಬಂದು ನನ್ನ ಟಿಪ್ಪಣಿಗಳನ್ನು ತಿದ್ದಿಕೊಡಬೇಕು. ಹಳಸಿದ ಪಾಠ ಮತ್ತೆ ಯಾವ ಮಗುವಿನ ಕೈಗೂ ಹೋಗಬಾರದು.

ಕೊನೆಯದಾಗಿ ಒಂದು ಸಂತೋಷದ ವಿಷಯ. ಜ್ಯಾಂಗೋ ತನ್ನೊಳಗೆ ಇಟ್ಟುಕೊಂಡಿರುವ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ, ಉರ್ದುವೂ ಇದೆ. ಉರ್ದುವನ್ನು ಬಲದಿಂದ ಎಡಕ್ಕೆ ಬರೆಯುವ ಭಾಷೆಗಳ ಸಾಲಿನಲ್ಲಿ ಗುರುತಿಸಿದ್ದಾರೆ. ಅದರ ಸಂದೇಶಗಳನ್ನು ಅನುವಾದ ಮಾಡುವವರು ನಮ್ಮಂಥ ಸ್ವಯಂಸೇವಕರೇ, ಯಾರು ಬೇಕಾದರೂ ಸೇರಬಹುದು. ಎರಡೂ ಭಾಷೆಗಳನ್ನು ಬಲ್ಲ ಮಕ್ಕಳು ಶಿವಾಜಿನಗರದಲ್ಲಿ ಸಿಗದೆ ಇನ್ನೆಲ್ಲಿ ಸಿಗುತ್ತಾರೆ? ಈ ವರ್ಷ ನಮ್ಮ ತರಗತಿಯ ಇಬ್ಬರು ಹೆಣ್ಣುಮಕ್ಕಳು ಕನ್ನಡದ ಸಾಲುಗಳನ್ನು ನೋಡಲು ಕೂತಿದ್ದಾರೆ, ನಾನು ಪಕ್ಕದಲ್ಲಿ ನಿಘಂಟು ಹಿಡಿದು ಕೂರುತ್ತೇನೆ.

ಆ ಕೆ.ಆರ್. ಪುರದ ಹುಡುಗ ಏನಾದ ಎಂದು ತಾವು ಕೇಳಬಹುದು. ಆರು ತಿಂಗಳು ಮತ್ತೆ ಕಲಿತು, ಬೇರೆ ಕಡೆ ಪರೀಕ್ಷೆ ಬರೆದು, ಸಣ್ಣ ಕೆಲಸವೊಂದಕ್ಕೆ ಸೇರಿದ್ದಾನೆ. ಶನಿವಾರ ಸಂಜೆ ಮೆಟ್ರೊ ಹಿಡಿದು ಬಂದು ಚಿಕ್ಕವರಿಗೆ ಪಾಠ ಹೇಳುತ್ತಾನೆ. ಮೊದಲ ದಿನವೇ ಹಲಗೆಯ ಮೇಲೆ ಆವೃತ್ತಿಯ ಸಂಖ್ಯೆ ಬರೆದು ಪಾಠ ಶುರುಮಾಡುತ್ತಾನೆ. ಅದನ್ನು ನೋಡಿ ಈಗ ನಾನೂ ಹಾಗೆಯೇ ಮಾಡುತ್ತಿದ್ದೇನೆ.